ಕಾರ್ಕಸೋನ್: ಕೋಟೆ ಉಳಿದರೂ ಮುಗಿಯದ ಚಾವಣಿಯ ವಾದ

ದಕ್ಷಿಣ ಫ್ರಾನ್ಸಿನಲ್ಲಿ ಓಡ್ ನದಿಯ ಬಲದಂಡೆಯ ದಿಬ್ಬದ ಮೇಲಿರುವ ಕಾರ್ಕಸೋನ್ ಕೋಟೆಯೂರನ್ನು ನೋಡಲು ಬಂದವರಿಗೆ ಎರಡು ಸುತ್ತಿನ ಗೋಡೆ, 52 ಬುರುಜು, ಅವುಗಳ ಮೇಲಿನ ಚೂಪಾದ ಚಾವಣಿಗಳು ಎಲ್ಲವೂ 13ನೇ ಶತಮಾನದಿಂದ ಹಾಗೆಯೇ ಉಳಿದು ಬಂದಂತೆ ತೋರುತ್ತವೆ. ಗೋಡೆಗಳು ನಿಜವಾಗಿಯೂ ಹಳೆಯವೇ. ಆದರೆ ಚಾವಣಿಗಳನ್ನೂ ಕೋಟೆಯ ತೆನೆಗಳ ಬಹುಪಾಲನ್ನೂ ಕಟ್ಟಿದ್ದು 19ನೇ ಶತಮಾನದಲ್ಲಿ.

ಒಳಗೋಡೆಯ ಬುಡದಲ್ಲಿ ಸಣ್ಣ ಕಲ್ಲುಗಳ ನಡುವೆ ಇಟ್ಟಿಗೆಯ ಸಾಲುಗಳಿರುವ ರೋಮನ್ ಕಾಲದ ಕಟ್ಟಡವನ್ನು ಇಂದಿಗೂ ಗುರುತಿಸಬಹುದು. 1209ರಲ್ಲಿ, ಚರ್ಚು ಧರ್ಮಬಾಹಿರವೆಂದು ಸಾರಿದ್ದ ಕ್ಯಾಥರ್ ಎಂಬ ಕ್ರೈಸ್ತ ಪಂಥದ ವಿರುದ್ಧ ಹೊರಟ ಧರ್ಮಯುದ್ಧದ ಸೇನೆ ಊರನ್ನು ಮುತ್ತಿ ವಶಪಡಿಸಿಕೊಂಡಿತು. ಅಲ್ಲಿನ ಒಡೆಯ ರೇಮಂಡ್ ರೋಜರ್ ಟ್ರಾಂಕವೆಲ್ ಅದೇ ವರ್ಷ ಸೆರೆಯಲ್ಲಿ ತೀರಿಕೊಂಡ. ಊರು ಮುಂದೆ ಫ್ರಾನ್ಸಿನ ದೊರೆಯ ಕೈಸೇರಿ, ದಕ್ಷಿಣದ ಅರಗಾನ್ ರಾಜ್ಯದ (ಇಂದಿನ ಸ್ಪೇನಿನ ಭಾಗ) ಗಡಿಯನ್ನು ಕಾಯುವ ಠಾಣೆಯಾಯಿತು. ಹೊರಸುತ್ತಿನ ಗೋಡೆ ಎದ್ದದ್ದು ಈ ಕಾಲದಲ್ಲಿ. ಫ್ರಾನ್ಸ್ ಮತ್ತು ಸ್ಪೇನ್ ನಡುವಿನ 1659ರ ಪಿರನೀಸ್ ಒಪ್ಪಂದದಿಂದ ಗಡಿ ದಕ್ಷಿಣಕ್ಕೆ ಸರಿದಾಗ ಕೋಟೆಗೆ ಕೆಲಸವಿಲ್ಲದಾಯಿತು. ವ್ಯಾಪಾರವೆಲ್ಲ ನದಿಯಾಚೆಯ ಕೆಳಪೇಟೆಗೆ ಹೋಯಿತು; ಎರಡು ಗೋಡೆಗಳ ನಡುವಿನ ಬಯಲಿನಲ್ಲಿ ನೇಕಾರರೂ ಇತರ ಬಡವರೂ ಗೋಡೆಗೆ ಒರಗಿಸಿ ಮನೆ ಕಟ್ಟಿಕೊಂಡರು.

19ನೇ ಶತಮಾನದ ನಡುವಿನಲ್ಲಿ ಸರ್ಕಾರ ಕೋಟೆಯನ್ನು ಕೆಡವಲು ಮುಂದಾದಾಗ ಸ್ಥಳೀಯ ವಿದ್ವಾಂಸ ಕ್ರೋ ಮೈರ್ವಿಯೆಯ್ ಮತ್ತು ಐತಿಹಾಸಿಕ ಸ್ಮಾರಕಗಳ ಅಧಿಕಾರಿಯಾಗಿದ್ದ ಲೇಖಕ ಪ್ರೊಸ್ಪೆರ್ ಮೆರಿಮೆ ಅದನ್ನು ಉಳಿಸಲು ಹೋರಾಡಿದರು. 1853ರಲ್ಲಿ ವಾಸ್ತುಶಿಲ್ಪಿ ವಿಯೊಲೆ ಲ ದ್ಯುಕ್ ಗೋಡೆಗಳ ಕೆಲಸ ಆರಂಭಿಸಿದರು. 1879ರಲ್ಲಿ ಅವರು ತೀರಿಕೊಂಡ ಮೇಲೆ ಬೇರೆಯವರು ಅದನ್ನು ಮುಂದುವರಿಸಿದರು.

ವಾದ ಹುಟ್ಟಿದ್ದು ಇಲ್ಲಿಯೇ. ಕಟ್ಟಡವನ್ನು ಜೀರ್ಣೋದ್ಧಾರ ಮಾಡುವುದೆಂದರೆ ಅದು ಹಿಂದೆಂದೂ ಇದ್ದಿರಲಾರದಂಥ ಪೂರ್ಣರೂಪವನ್ನೂ ಅದಕ್ಕೆ ಕೊಡುವುದು ಎಂದು ವಿಯೊಲೆ ಲ ದ್ಯುಕ್ ನಂಬಿದ್ದರು. ದೊರೆಯ ಕಟ್ಟುಗರು ಉತ್ತರದವರಾದ್ದರಿಂದ ಉತ್ತರದ ಪದ್ಧತಿಯೇ ಸರಿಯೆಂಬ ತರ್ಕದ ಮೇಲೆ ಅವರು ಬುರುಜುಗಳಿಗೆ ಕಪ್ಪು ಸ್ಲೇಟ್ ಕಲ್ಲಿನ ಚೂಪು ಚಾವಣಿ ಹೊದಿಸಿದರು. ನಮ್ಮ ನಾಡಹೆಂಚಿನಂತೆ ಅರ್ಧಕೊಳವೆಯಾಕಾರದ ಕೆಂಪು ಹೆಂಚಿಗೆ ಒಗ್ಗಿದ ಆ ಸೀಮೆಗೆ ಇದು ಪರಕೀಯವೆಂದು ಟೀಕಾಕಾರರು ಆಕ್ಷೇಪಿಸಿದರು. ಇಂಗ್ಲೆಂಡಿನಲ್ಲಿ ಕಲಾವಿಮರ್ಶಕ ಜಾನ್ ರಸ್ಕಿನ್ ಇಂಥ ಜೀರ್ಣೋದ್ಧಾರವನ್ನೇ ಕಟ್ಟಡದ ನಾಶವೆಂದು ಕರೆದಿದ್ದರು. ಊಹೆ ಆರಂಭವಾಗುವಲ್ಲಿ ಜೀರ್ಣೋದ್ಧಾರ ನಿಲ್ಲಬೇಕೆಂದು ಸ್ಮಾರಕಗಳ ಸಂರಕ್ಷಣೆ ಕುರಿತ 1964ರ ಅಂತರರಾಷ್ಟ್ರೀಯ ವೆನಿಸ್ ಸನ್ನದು ವಿಧಿಸಿತು. 20ನೇ ಶತಮಾನದಲ್ಲಿ ರೋಮನ್ ಕಾಲದ ಕೆಲವು ಬುರುಜುಗಳಿಗೆ ಮತ್ತೆ ಹೆಂಚು ಬಂದದ್ದೂ ಈ ವಾದದ ಫಲವೇ.

ಆದರೂ 1997ರಲ್ಲಿ ಯುನೆಸ್ಕೊ ಈ ಊರನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ, ಮಧ್ಯಯುಗದ ಕೋಟೆಯ ಜೊತೆಗೆ ವಿಯೊಲೆ ಲ ದ್ಯುಕ್ ಅವರ ಕೆಲಸವನ್ನೂ ಅದರ ಮಹತ್ವಕ್ಕೆ ಕಾರಣವಾಗಿ ಹೆಸರಿಸಿತು. ಈ ತೀರ್ಮಾನ ಸರಿಯೆಂದೇ ನನ್ನ ಅಭಿಪ್ರಾಯ. ಅವರ ಸ್ಲೇಟ್ ಚಾವಣಿಗಳನ್ನೆಲ್ಲ ಇಳಿಸಿದರೆ ಇನ್ನೊಂದು ಶತಮಾನದ ಸಾಕ್ಷ್ಯ ಅಳಿಸಿಹೋಗುತ್ತದೆ. ನೋಡಲು ಹೋಗುವವರು ಅಂಗಡಿಗಳ ಬೀದಿಯಲ್ಲೇ ಸಮಯ ಕಳೆಯದೆ ಎರಡು ಗೋಡೆಗಳ ನಡುವೆ ಒಂದು ಸುತ್ತು ನಡೆಯಬೇಕು. ಬುಡದ ಇಟ್ಟಿಗೆ ಸಾಲು, ಮೇಲಿನ ಕಲ್ಲು, ತುದಿಯಲ್ಲಿ ಒಂದೆಡೆ ಸ್ಲೇಟು, ಇನ್ನೊಂದೆಡೆ ಹೆಂಚು ಅಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಕಾಣದಿರುವುದು ನೇಕಾರರ ಮನೆಗಳು ಮಾತ್ರ. ಕೋಟೆಯನ್ನು ಹಳೆಯ ರೂಪಕ್ಕೆ ತರುವ ಸಲುವಾಗಿ ಅವನ್ನು ಕೆಡವಿ, ಅಲ್ಲಿದ್ದವರನ್ನು ಹೊರಗೆ ಕಳಿಸಲಾಯಿತು.