ಕರುಳಿನ ವೇಷಕ್ಕೆ 21 ದಿನ

ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆ, ಅದರಲ್ಲಿ ಸಾಲುಸಾಲು ಗುಳಿಗಳು. ಪ್ರತಿ ಗುಳಿಯೊಳಗೂ ಒಂದು ಪುಟ್ಟ ಬಟ್ಟಲು ಇಳಿಬಿಟ್ಟಿದೆ. ಬಟ್ಟಲಿನ ತಳ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳ ಪೊರೆ, ಅದರ ಮೇಲೆ ಒಂದೇ ಪದರವಾಗಿ ಹರಡಿದ ಜೀವಕೋಶಗಳು. ಪದರದ ಮೇಲಿನ ದ್ರವವನ್ನು ಕರುಳಿನ ಒಳಗು ಎಂದುಕೊಳ್ಳಿ, ಕೆಳಗಿನದನ್ನು ರಕ್ತ. ಮೇಲೆ ಔಷಧ ಹಾಕಿ, ಒಂದೆರಡು ಗಂಟೆ ಬಿಟ್ಟು ಕೆಳಗೆಷ್ಟು ಇಳಿದಿದೆ ಎಂದು ಅಳೆದರೆ, ಅದನ್ನು ಮಾತ್ರೆಯಾಗಿ ನುಂಗಿದಾಗ ಮೈಗೆ ಹತ್ತೀತೇ ಎಂಬ ಅಂದಾಜು ಸಿಗುತ್ತದೆ.

ಇದಕ್ಕೂ ಮೊದಲು ಇಲಿಯ ಕರುಳೇ ಗತಿಯಾಗಿತ್ತು. 1954ರಲ್ಲಿ ವಿಲ್ಸನ್ ಮತ್ತು ವೈಸ್‌ಮನ್ ಕರುಳಿನ ತುಂಡನ್ನು ಕಾಲುಚೀಲದಂತೆ ಒಳಹೊರಗು ಮಾಡಿ, ಎರಡೂ ತುದಿ ಕಟ್ಟಿ ಪ್ರಯೋಗ ನಡೆಸಿದ್ದರು. ಜಾಣ ಉಪಾಯವೇ. ಆದರೆ ಕತ್ತರಿಸಿದ ಕರುಳು ಬಹಳ ಹೊತ್ತು ಬದುಕುವುದಿಲ್ಲ.

ಇಂದಿನ ಬಟ್ಟಲಿನಲ್ಲಿರುವುದು ಕ್ಯಾಕೋ-2 ಎಂಬ ಕೋಶತಳಿ. ತಮಾಷೆಯೆಂದರೆ ಇದು ಔಷಧ ಹೆಚ್ಚಾಗಿ ಹೀರಲ್ಪಡುವ ಸಣ್ಣ ಕರುಳಿನದಲ್ಲ. 1970ರ ದಶಕದಲ್ಲಿ ಅಮೆರಿಕದ ಸ್ಲೋನ್-ಕೆಟರಿಂಗ್ ಸಂಸ್ಥೆಯ ಯೋರ್ಗೆನ್ ಫೋಗ್ ದೊಡ್ಡ ಕರುಳಿನ ಕ್ಯಾನ್ಸರ್ ಗಡ್ಡೆಯಿಂದ ಇದನ್ನು ಬೆಳೆಸಿದರು. ಪಾತ್ರೆ ತುಂಬಿದ ಮೇಲೂ ಹಾಗೇ ಬಿಟ್ಟರೆ ಈ ಕೋಶಗಳು ತಾವಾಗಿಯೇ ಸಣ್ಣ ಕರುಳಿನ ವೇಷ ತೊಡುತ್ತವೆ ಎಂಬುದು 1980ರ ದಶಕದ ಆರಂಭದಲ್ಲಿ ಫ್ರಾನ್ಸಿನ ಸಂಶೋಧಕರ ಕಣ್ಣಿಗೆ ಬಿತ್ತು: ಮೇಲ್ಮೈಯಲ್ಲಿ ಬ್ರಷ್ಷಿನಂಥ ಎಳೆಗಳು, ಪಕ್ಕದ ಕೋಶದೊಂದಿಗೆ ಬಿಗಿ ಬೆಸುಗೆ. 1989ರಲ್ಲಿ ಹಿಡಾಲ್ಗೊ, ಬೋರ್ಚರ್ಟ್ ತಂಡ ಇದನ್ನು ಕರುಳಿನ ಮಾದರಿಯಾಗಿ ಮುಂದಿಟ್ಟಿತು. 1991ರಲ್ಲಿ ಸ್ವೀಡನ್ನಿನ ಪರ್ ಆರ್ಟರ್ಸನ್, ಬಟ್ಟಲಿನ ಅಳತೆಗೂ ಮನುಷ್ಯರಲ್ಲಿ ಔಷಧ ಹೀರಿಕೆಗೂ ತಾಳೆಯಿದೆ ಎಂದು ತೋರಿಸಿದರು.

ದೊಡ್ಡ ತೊಡಕೆಂದರೆ, ವೇಷ ಪೂರ್ತಿಯಾಗಲು 21 ದಿನ ಬೇಕು. ಅಷ್ಟೂ ದಿನ ಎರಡು ದಿನಕ್ಕೊಮ್ಮೆಯಂತೆ ಪೋಷಕ ದ್ರವ ಬದಲಿಸುತ್ತಿರಬೇಕು. 90ರ ದಶಕದಲ್ಲಿ ರಸಾಯನ ವಿಜ್ಞಾನಿಗಳು ಸಾವಿರಗಟ್ಟಲೆ ಹೊಸ ಸಂಯುಕ್ತಗಳನ್ನು ತಂದು ಸುರಿಯುತ್ತಿದ್ದಾಗ ಇಷ್ಟು ತಾಳ್ಮೆ ಯಾರಿಗಿತ್ತು? ಬಟ್ಟಲುಗಳು ಕುಗ್ಗಿ, ಒಂದು ತಟ್ಟೆಗೆ 96 ಗುಳಿಗಳಾದವು. ಕೆಲವರು ಕೆಲವೇ ದಿನಗಳಲ್ಲಿ ಸಿದ್ಧವಾಗುವ ನಾಯಿಯ ಮೂತ್ರಪಿಂಡದ ಕೋಶಗಳಿಗೆ ಹೊರಳಿದರು. 1998ರಲ್ಲಿ ರೋಶ್ ಕಂಪನಿಯ ಮಾನ್‌ಫ್ರೆಡ್ ಕಾನ್ಸಿ ತಂಡ ಕೋಶಗಳನ್ನೇ ಕೈಬಿಟ್ಟು, ಫಿಲ್ಟರಿಗೆ ಕೊಬ್ಬಿನ ದ್ರಾವಣ ಹನಿಸಿ ಪರೀಕ್ಷಿಸಿತು. ಇದಕ್ಕೆ ಪಾಂಪಾ ಎಂದು ಹೆಸರು.

ವೇಗವೇನೋ ಸಿಕ್ಕಿತು, ಆದರೆ ಕೊಬ್ಬಿನ ಪೊರೆಗೆ ಜೀವವಿಲ್ಲ. ಹೃದ್ರೋಗಕ್ಕೆ ಕೊಡುವ ಡಿಗಾಕ್ಸಿನ್ ಕೋಶದೊಳಕ್ಕೆ ನುಗ್ಗಿದರೆ, ಪಿ-ಗ್ಲೈಕೊಪ್ರೋಟೀನ್ ಎಂಬ ಪಂಪು ಅದನ್ನು ಹಿಂದಕ್ಕೆ ದಬ್ಬುತ್ತದೆ. ಪಾಂಪಾಗೆ ಇದು ಗೊತ್ತೇ ಆಗದು. ಹಾಗೆಂದು ಕ್ಯಾಕೋ-2 ಸಾಚಾ ಎಂದಲ್ಲ. ಅದರ ಬೆಸುಗೆ ನಿಜವಾದ ಸಣ್ಣ ಕರುಳಿಗಿಂತ ಬಿಗಿ. ಬಿಪಿ ಮಾತ್ರೆ ಅಟೆನೊಲಾಲ್ ಇಲ್ಲಿ ತೀರಾ ನಿಧಾನವಾಗಿ ದಾಟುತ್ತದೆ, ನಮ್ಮ ಹೊಟ್ಟೆಯಲ್ಲಾದರೆ ಸುಮಾರು ಅರ್ಧ ಹೀರಲ್ಪಡುತ್ತದೆ.

ಹಾಗಾಗಿ ಮೊದಲ ಜರಡಿಗೆ ಪಾಂಪಾ, ಉಳಿದವಕ್ಕೆ ಕ್ಯಾಕೋ-2 ಎಂಬ ರೂಢಿ ಅನೇಕ ಕಡೆ ಬಂದಿದೆ. ಬೆಂಗಳೂರಿನ ಗುತ್ತಿಗೆ ಸಂಶೋಧನಾಲಯಗಳಲ್ಲೂ ಈ ತಟ್ಟೆಗಳು ಓಡಾಡುತ್ತವೆ. ಪರೀಕ್ಷೆಗೆ ಮುನ್ನ ಎರಡು ಕಡ್ಡಿಯ ಎಲೆಕ್ಟ್ರೋಡ್ ಅದ್ದಿ ಪದರದ ವಿದ್ಯುತ್ ರೋಧ ನೋಡುತ್ತಾರೆ. ಅಂಕಿ ಕಡಿಮೆ ಬಂತೋ, ಪದರ ಎಲ್ಲೋ ಸೋರುತ್ತಿದೆ ಎಂದರ್ಥ. ಮೂರು ವಾರ ಸಾಕಿದ ಬಟ್ಟಲು ಕಸದ ಬುಟ್ಟಿಗೆ.