ಯಾವ ಕಾಗದದ ಮೇಲೆ ಬರೆದಿದ್ದಾರೆ, ಮೊದಲು ಅದನ್ನು ನೋಡಿ

ಸಿರುಗುಪ್ಪದ ಹಳೇ ಕ್ಲೈಂಟ್ ಒಬ್ಬರು 2026ರ ಫೆಬ್ರುವರಿಯಲ್ಲಿ ಬಳ್ಳಾರಿಯ ನನ್ನ ಆಫೀಸಿಗೆ ಬಂದಿದ್ದರು. ಮೊದಲು ಭತ್ತದ ವ್ಯಾಪಾರ ಮಾಡುತ್ತಿದ್ದರು, ಈಗ ಎಲೆಕ್ಟ್ರಿಕ್ ಸ್ಕೂಟರ್ ಸಬ್ ಡೀಲರ್. ಮಗ ಕೆನಡಾದಲ್ಲಿದ್ದಾನೆ. ಜಿಎಸ್‌ಟಿ ಫೈಲು ಟೇಬಲ್ ಮೇಲೆ ಇಟ್ಟವರು, ಕುರ್ಚಿ ಎಳೆದುಕೊಳ್ಳುವ ಮೊದಲೇ ಕೇಳಿದರು: "ಸರ್, ಕೆನಡಾದಾಗ ಕರೆಂಟ್ ಗಾಡಿ ಕಾನೂನು ತೆಗೆದು ಹಾಕ್ತಾರಂತ. ಅಲ್ಲಿ ಸರ್ಕಾರಕ್ಕ ಮೆಜಾರಿಟಿ ಇಲ್ಲ, ಅದಕ್ಕ ಹಿಂಗಾತು ಅಂತಾನ ಮಗ. ನಮ್ಮಲ್ಲೂ ಹಂಗೇ ಆಗ್ತದೇನು?"

ಸುದ್ದಿ ನಿಜ, ಕಾರಣ ತಪ್ಪು ಅಂದೆ. ಆ ದಿನ ಅವರ ರಿಟರ್ನ್ ಕೆಲಸ ಹಾಗೇ ಉಳಿಯಿತು, ಮಾತು ಒಂದು ಗಂಟೆ ನಡೆಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ರಾಜಕೀಯ ಪಂಡಿತ ಅಲ್ಲ, ಲೆಕ್ಕ ಪತ್ರ ನೋಡುವ ಮನುಷ್ಯ. ಆದರೆ ಗಾಡಿ ಶೋರೂಂಗಳ ಲೆಕ್ಕ ನೋಡುವವನಿಗೆ ಸರ್ಕಾರ ಮಾತು ಬದಲಿಸಿದರೆ ಏನಾಗುತ್ತದೆ ಅನ್ನೋದು ಸ್ಟಾಕ್ ರಿಜಿಸ್ಟರಿನಲ್ಲೇ ಕಾಣುತ್ತದೆ.

ಮೊದಲು ಕೆನಡಾದ ಲೆಕ್ಕ. ಅಲ್ಲಿನ ಕೆಳಮನೆಯಲ್ಲಿ 343 ಸೀಟು, ಬಹುಮತಕ್ಕೆ 172 ಬೇಕು. 2025ರ ಏಪ್ರಿಲ್ ಚುನಾವಣೆಯಲ್ಲಿ ಪ್ರಧಾನಿ ಮಾರ್ಕ್ ಕಾರ್ನಿ ಅವರ ಲಿಬರಲ್ ಪಕ್ಷಕ್ಕೆ ಸಿಕ್ಕಿದ್ದು 169. ಮೂರು ಕಮ್ಮಿ. ಬಳ್ಳಾರಿಯವರಿಗೆ ಈ ಮೂರರ ಕಥೆ ಬಿಡಿಸಿ ಹೇಳಬೇಕಾ? 2008ರಲ್ಲಿ ನಮ್ಮ ವಿಧಾನಸಭೆಯಲ್ಲೂ ಬಿಜೆಪಿಗೆ ಬಂದಿದ್ದು 110, ಬೇಕಿದ್ದದ್ದು 113. ಪಕ್ಷೇತರರು ಬಂದರು, ಮಂತ್ರಿಗಳಾದರು, ಆಮೇಲೆ ರಾಜೀನಾಮೆ ಕೊಡಿಸಿ ಮತ್ತೆ ಚುನಾವಣೆಗೆ ನಿಲ್ಲಿಸುವ 'ಆಪರೇಷನ್' ಶುರುವಾಯಿತು. ನಮ್ಮಲ್ಲಿ ಅಷ್ಟು ಸುತ್ತು ಹಾಕಬೇಕಾಗಿದ್ದು 1985ರ ಪಕ್ಷಾಂತರ ನಿಷೇಧ ಕಾನೂನಿನಿಂದ. ಕೆನಡಾದಲ್ಲಿ ಆ ಕಾನೂನೇ ಇಲ್ಲ. ಸದಸ್ಯ ಎದ್ದು ಆ ಕಡೆ ಹೋಗಿ ಕೂತರೆ ಮುಗಿಯಿತು. 2025ರ ನವೆಂಬರ್, ಡಿಸೆಂಬರ್‌ನಲ್ಲಿ ಕನ್ಸರ್ವೇಟಿವ್ ಪಕ್ಷದ ಇಬ್ಬರು ಹಾಗೇ ಮಾಡಿದರು, ಲಿಬರಲ್ ಸಂಖ್ಯೆ 171 ಆಯಿತು. ಆಗ ಇನ್ನೊಂದೇ ಸೀಟು ಬಾಕಿ ಇತ್ತು.

ಈಗ ಗಾಡಿಯ ವಿಷಯ. ಹೊಸದಾಗಿ ಮಾರುವ ಕಾರುಗಳಲ್ಲಿ ಇಂತಿಷ್ಟು ಎಲೆಕ್ಟ್ರಿಕ್ ಇರಲೇಬೇಕು ಅಂತ ಕೆನಡಾ ಒಂದು ನಿಯಮ ಮಾಡಿತ್ತು. 2026ಕ್ಕೆ ಶೇ 20, 2030ಕ್ಕೆ ಶೇ 60, 2035ಕ್ಕೆ ಪೂರ್ತಿ ನೂರು. ಇದು ಸಂಸತ್ತಿನಲ್ಲಿ ಚರ್ಚೆಯಾಗಿ ಪಾಸಾದ ಪ್ರತ್ಯೇಕ ಕಾಯ್ದೆ ಅಲ್ಲ. 1999ರ ಪರಿಸರ ಸಂರಕ್ಷಣಾ ಕಾಯ್ದೆ ಕೊಟ್ಟಿದ್ದ ಅಧಿಕಾರ ಬಳಸಿ, 2023ರ ಡಿಸೆಂಬರ್‌ನಲ್ಲಿ ಸರ್ಕಾರವೇ ಹೊರಡಿಸಿದ ನಿಯಮ. ಆಗ ಇದ್ದದ್ದು ಕಾರ್ನಿಗಿಂತ ಹಿಂದಿನ ಪ್ರಧಾನಿ ಟ್ರುಡೊ ಅವರ ಸರ್ಕಾರ. ಅದಕ್ಕೂ ಬಹುಮತ ಇರಲಿಲ್ಲ, ಎನ್‌ಡಿಪಿ ಅನ್ನುವ ಇನ್ನೊಂದು ಪಕ್ಷ ಹೊರಗಿನಿಂದ ಕೈ ಹಿಡಿದಿತ್ತು. ಅಂದರೆ ಈ ನಿಯಮ ಹುಟ್ಟಿದ್ದೂ ಅಲ್ಪಮತದ ಸರ್ಕಾರದಲ್ಲೇ. ಅಲ್ಪಮತ ಅಂದರೆ ಕೈಲಾಗದ ಸರ್ಕಾರ ಅನ್ನುವವರಿಗೆ ಇದೊಂದು ಸಾಕು, ಅಲ್ವಾ?

ವಿರೋಧ ಪಕ್ಷ ಸುಮ್ನೆ ಕೂರಲಿಲ್ಲ. ಅಲ್ಲಿ ವರ್ಷದಲ್ಲಿ ಕೆಲವು ದಿನ ಸದನದ ಕಾರ್ಯಸೂಚಿಯೇ ವಿರೋಧ ಪಕ್ಷದ್ದು. ಅವರು ತಂದ ನಿರ್ಣಯದ ಮೇಲೆ ದಿನವಿಡೀ ಚರ್ಚೆ ನಡೆಯುತ್ತದೆ, ಮತವೂ ಬೀಳುತ್ತದೆ. 2025ರ ಜೂನ್‌ನಲ್ಲಿ ಪಿಯೆರ್ ಪೊಲಿಯೆವ್ರ್ ಅವರ ಕನ್ಸರ್ವೇಟಿವ್ ಪಕ್ಷ ಇಂಥದೊಂದು ದಿನ "ಪೆಟ್ರೋಲ್ ಕಾರು ನಿಷೇಧ ಕೂಡಲೇ ತೆಗೆಯಿರಿ" ಅಂತ ನಿರ್ಣಯ ತಂದಿತು. ಸೋತಿತು. ಗೆದ್ದಿದ್ದರೂ ಸರ್ಕಾರ ಅದನ್ನು ಪಾಲಿಸಬೇಕೆಂಬ ಕಟ್ಟಳೆ ಇರಲಿಲ್ಲ, ಸರ್ಕಾರ ಬೀಳುತ್ತಲೂ ಇರಲಿಲ್ಲ. ಬೀಳಿಸುವ ಮತವೇ ಬೇರೆ: ಬಜೆಟ್ಟಿನಂಥ ವಿಶ್ವಾಸದ ಮತ. ಅದು ನವೆಂಬರ್ 17ರಂದು ಬಂತು, ಸರ್ಕಾರ 170–168ರಲ್ಲಿ ದಾಟಿಕೊಂಡಿತು. ವಿರೋಧದ ಕೆಲವರು ಮತ ಹಾಕದೇ ಉಳಿದರು, ಗ್ರೀನ್ ಪಕ್ಷದ ಒಬ್ಬರೇ ಸದಸ್ಯೆ ಪರವಾಗಿ ಹಾಕಿದರು. ಕ್ರಿಸ್ಮಸ್ ಹೊತ್ತಿಗೆ ಇನ್ನೊಂದು ಚುನಾವಣೆ ಯಾರಿಗೂ ಬೇಕಿರಲಿಲ್ಲ, ನನ್ನ ಲೆಕ್ಕದಲ್ಲಿ ಅಷ್ಟೇ ಅದರ ಗುಟ್ಟು.

ಇಲ್ಲಿ ಮಜಾ ನೋಡಿ. ಜೂನ್‌ನಲ್ಲಿ ಸದನದಲ್ಲಿ ಸೋತ ಮಾತು ಸೆಪ್ಟೆಂಬರ್‌ನಲ್ಲಿ ಅರ್ಧ ಗೆದ್ದಿತು. ಕಾರ್ನಿ ಅವರೇ 2026ರ ಶೇ 20ರ ಗುರಿ ಸದ್ಯಕ್ಕೆ ಬೇಡ ಅಂದರು. 2026ರ ಫೆಬ್ರುವರಿ 5ರಂದು ನಿಯಮವನ್ನೇ ರದ್ದು ಮಾಡುವುದಾಗಿ ಹೇಳಿದರು. ಬದಲಿಗೆ ಹೊಗೆ ಮಿತಿ ಬಿಗಿ ಮಾಡುವುದು, ಜೊತೆಗೆ ಕೊಳ್ಳುವವರಿಗೆ 5,000 ಡಾಲರ್‌ವರೆಗೆ ಸಹಾಯಧನ ಮತ್ತೆ ಶುರು. ಹಳೇ ಸಹಾಯಧನ 2025ರ ಜನವರಿಯಲ್ಲೇ ದುಡ್ಡು ಖಾಲಿಯಾಗಿ ನಿಂತುಹೋಗಿತ್ತು. ಒಂದು ಕಡೆ "ಮಾರಲೇಬೇಕು" ಅನ್ನುವ ನಿಯಮ, ಇನ್ನೊಂದು ಕಡೆ ಕೊಳ್ಳುವವನ ಜೇಬಿಗೆ ಬರುತ್ತಿದ್ದ ದುಡ್ಡು ಬಂದ್. ಹೀಗಿದ್ದರೆ ಯಾವ ಡೀಲರ್ ಗುರಿ ಮುಟ್ಟುತ್ತಾನೆ?

ಇದೆಲ್ಲ ಸದನದ ತಲೆ ಎಣಿಕೆಯಿಂದ ಆಗಿದ್ದಲ್ಲ. 2025ರ ಏಪ್ರಿಲ್‌ನಿಂದ ಅಮೆರಿಕ ಹೊರದೇಶದ ಕಾರುಗಳಿಗೆ ಶೇ 25 ಸುಂಕ ಹಾಕಿತು. ಒಂಟಾರಿಯೊದ ಕಾರ್ಖಾನೆಗಳ ಕಾರು ಬಹುಪಾಲು ಹೋಗುವುದೇ ಅಮೆರಿಕಕ್ಕೆ. ಕಂಪನಿಗಳು ಗುರಿ ಆಗೋಲ್ಲ ಅಂತ ಕೂತವು. ಇತ್ತ ಚೀನಾದ ಜಗಳ ಬೇರೆ. 2024ರ ಅಕ್ಟೋಬರ್‌ನಲ್ಲಿ ಕೆನಡಾ ಚೀನಾದ ಎಲೆಕ್ಟ್ರಿಕ್ ಕಾರಿಗೆ ಶೇ 100 ಹೆಚ್ಚುವರಿ ಸುಂಕ ಹಾಕಿತ್ತು. ಚೀನಾ ಸೇಡು ತೀರಿಸಿಕೊಂಡಿದ್ದು ಕ್ಯಾನೋಲಾ ಮೇಲೆ, ಅಂದರೆ ನಮ್ಮ ಸಾಸಿವೆ ಜಾತಿಯ ಎಣ್ಣೆಕಾಳಿನ ಮೇಲೆ. ಕಾರಿನ ಜಗಳದಲ್ಲಿ ಪೆಟ್ಟು ತಿಂದವನು ರೈತ! 2026ರ ಜನವರಿಯಲ್ಲಿ ಕಾರ್ನಿ ಬೀಜಿಂಗ್‌ಗೆ ಹೋಗಿ ರಾಜಿ ಮಾಡಿಕೊಂಡರು: ವರ್ಷಕ್ಕೆ 49,000 ಚೀನೀ ಎಲೆಕ್ಟ್ರಿಕ್ ಕಾರು ಬರಲಿ, ಸುಂಕ ಶೇ 6.1 ಮಾತ್ರ, ಪ್ರತಿಯಾಗಿ ಕ್ಯಾನೋಲಾ ಮೇಲಿನ ಸುಂಕ ಇಳಿಯಬೇಕು. ಎಣ್ಣೆಕಾಳು ಬೆಳೆಯುವ ಸಸ್ಕಾಚೆವನ್ ಪ್ರಾಂತ್ಯದ ಮುಖ್ಯಸ್ಥರು ಖುಷಿಪಟ್ಟರು, ಕಾರು ಮಾಡುವ ಒಂಟಾರಿಯೊದ ಮುಖ್ಯಸ್ಥರು ಸಿಟ್ಟಾದರು. ಸುಂಕ ಹಾಕಿದ್ದಕ್ಕೂ ಸಂಪುಟದ ಆದೇಶವೇ ಸಾಕಾಗಿತ್ತು.

ಭತ್ತ ಮಾರಿ ಬದುಕಿದವರು ತಾನೆ, ಕ್ಯಾನೋಲಾ ಮಾತು ಬಂದಾಗ ಅವರು ಫೋನ್ ಪಕ್ಕಕ್ಕಿಟ್ಟು ಕೇಳಿದರು.

ಈಗ ನಮ್ಮ ಮನೆಗೆ ಬರೋಣ. 2023ರಲ್ಲಿ ಕೇಂದ್ರ ಸರ್ಕಾರಕ್ಕೆ ಬಹುಮತದ ಕೊರತೆ ಇತ್ತಾ? ಬಿಜೆಪಿ ಒಂದೇ 2019ರಲ್ಲಿ 303 ಗೆದ್ದಿತ್ತು. ಆದರೂ ಮೇ ತಿಂಗಳಲ್ಲಿ ಒಂದು ಅಧಿಸೂಚನೆ ಬಂತು, ಜೂನ್ 1ರಿಂದ ಸ್ಕೂಟರ್ ಸಬ್ಸಿಡಿ ಇಳಿಯಿತು. ಬ್ಯಾಟರಿಯ ಪ್ರತಿ ಕಿಲೋವ್ಯಾಟ್ ಅವರ್‌ಗೆ 15,000 ಇದ್ದದ್ದು 10,000 ಆಯಿತು. ಜನ ಇದೊಂದನ್ನೇ ಓದಿದರು. ನಿಜವಾದ ಏಟು ಪಕ್ಕದ ಸಾಲಿನಲ್ಲಿತ್ತು: ಗಾಡಿ ಬೆಲೆಯ ಶೇ 40ರವರೆಗೆ ಇದ್ದ ಮಿತಿ ಶೇ 15ಕ್ಕೆ ಬಂತು. ಲೆಕ್ಕ ಹಾಕಿ. ಕಾರ್ಖಾನೆ ಬೆಲೆ 1,20,000, ಬ್ಯಾಟರಿ 3 ಕಿಲೋವ್ಯಾಟ್ ಅವರ್ ಅಂದುಕೊಳ್ಳಿ. ಮೇ 31ಕ್ಕೆ ಸಬ್ಸಿಡಿ 45,000. ಜೂನ್ 1ಕ್ಕೆ 10,000ದ ಲೆಕ್ಕದಲ್ಲಿ 30,000 ಬರಬೇಕು, ಮಿತಿ ಅಡ್ಡ ಬಂದು 18,000ಕ್ಕೆ ನಿಲ್ಲುತ್ತದೆ. ರಾತ್ರಿ ಕಳೆಯುವುದರಲ್ಲಿ 27,000 ವ್ಯತ್ಯಾಸ.

ಆ ಮೇ 31ರ ಸಂಜೆ ನಾನು ಹೊಸಪೇಟೆ ರಸ್ತೆಯ ಒಂದು ಶೋರೂಂನಲ್ಲಿದ್ದೆ. ಹೊರಗೆ ಸೆಕೆ, ಒಳಗೆ ಜಾತ್ರೆ. ಪ್ರಿಂಟರ್ ಬಿಸಿಯಾಗಿ ಎರಡು ಸಲ ನಿಂತಿತು. ಕಪ್ಪು ಬಣ್ಣ ಬೇಕು ಅಂತಿದ್ದವರು ಹಳದಿ ಆದರೂ ಸೈ ಅಂತ ಸಹಿ ಹಾಕಿದರು. ರಾತ್ರಿ ಹನ್ನೊಂದಕ್ಕೆ ನೋಡಿದರೆ ಒಂಬತ್ತು ಗಾಡಿ ಹಾಗೇ ಉಳಿದಿದ್ದವು. ಎರಡು ವಾರದ ನಂತರ ಕಂಪನಿಯಿಂದ ಆ ಒಂಬತ್ತಕ್ಕೂ ವ್ಯತ್ಯಾಸದ ಡೆಬಿಟ್ ನೋಟ್ ಬಂತು, ಅಂದರೆ ಆ ದುಡ್ಡು ಡೀಲರ್ ತಲೆ ಮೇಲೆ. ಕಂಪನಿ ಹೆಸರು ಬೇಡ. ಡೀಲರ್ ಬ್ಯಾಂಕಿನ ಓವರ್‌ಡ್ರಾಫ್ಟ್ ಸಾಲದ ಖಾತೆಯಿಂದ ಬಡ್ಡಿ ಕಟ್ಟಿದರು, ಮಾರುವಷ್ಟರಲ್ಲಿ ದೀಪಾವಳಿ ಬಂದಿತ್ತು.

ಅದಕ್ಕೇ ನಾನು ಸರ್ಕಾರಕ್ಕೆ ಎಷ್ಟು ಸೀಟು ಅಂತ ಕೇಳುವ ಮೊದಲು, ರಿಯಾಯಿತಿ ಯಾವ ಕಾಗದದ ಮೇಲಿದೆ ಅಂತ ಕೇಳುತ್ತೇನೆ. ರಸ್ತೆ ತೆರಿಗೆ ಇರುವುದು ಕಾಯ್ದೆಯಲ್ಲಿ. 25 ಲಕ್ಷ ದಾಟಿದ ಎಲೆಕ್ಟ್ರಿಕ್ ಕಾರಿಗೆ ಶೇ 10 ಜೀವಾವಧಿ ತೆರಿಗೆ ಹಾಕಲು ನಮ್ಮ ರಾಜ್ಯ ಸರ್ಕಾರ ಮಸೂದೆ ತಂದು ಸದನದಲ್ಲಿ ಪಾಸು ಮಾಡಿಸಬೇಕಾಯಿತು. ಅದು ಪೇಪರಿನಲ್ಲಿ ಮೊದಲೇ ಬರುತ್ತದೆ, ತಯಾರಾಗಲು ಟೈಮ್ ಸಿಗುತ್ತದೆ. ಅಲ್ಪಮತದ ಸರ್ಕಾರಕ್ಕೆ ಕಷ್ಟ ಆಗುವುದೂ ಇಂಥ ಕಡೆಯೇ. ಜಿಎಸ್‌ಟಿ ದರ ಬದಲಿಸಬೇಕಾದರೆ ಜಿಎಸ್‌ಟಿ ಕೌನ್ಸಿಲ್‌ನಲ್ಲಿ ಕೇಂದ್ರ, ರಾಜ್ಯ ಎಲ್ಲ ಕೂರಬೇಕು. ಅಲ್ಲೂ ಒಂದು ತಮಾಷೆ ಇದೆ: 2025ರ ಸೆಪ್ಟೆಂಬರ್ 22ರಂದು ಎಲೆಕ್ಟ್ರಿಕ್ ಗಾಡಿಯ ಶೇ 5 ಹಾಗೇ ಉಳಿಯಿತು, ಸಣ್ಣ ಪೆಟ್ರೋಲ್ ಸ್ಕೂಟರ್‌ನದು ಶೇ 28ರಿಂದ 18ಕ್ಕೆ ಇಳಿಯಿತು. ಎಲೆಕ್ಟ್ರಿಕ್ ನೀತಿಯ ಒಂದಕ್ಷರ ಬದಲಾಗಲಿಲ್ಲ. ಆದರೂ ಸಿರುಗುಪ್ಪದಲ್ಲಿ ಗಿರಾಕಿ ಆ ಕಡೆ ತಿರುಗಿದ. ಇನ್ನು ಸಬ್ಸಿಡಿ, ಗುರಿ, ಸುಂಕ ಇವೆಲ್ಲ ಅಧಿಸೂಚನೆಯ ಕೂಸುಗಳು. ಒಂದು ಸಹಿ ಸಾಕು, ಸದನ ಸೇರಬೇಕಿಲ್ಲ.

ಹಾಗಾದರೆ ವಿರೋಧ ಪಕ್ಷ ಯಾಕೆ ಬೇಕು ಅಂದರು ಅವರು. ಕೆನಡಾದಲ್ಲಿ ಸೋತ ಆ ನಿರ್ಣಯದಿಂದ ಒಂದು ಕೆಲಸ ಆಗಿತ್ತು. ಸರ್ಕಾರದ ಕಡೆಯ ಸದಸ್ಯರು ಹೆಸರು ಸಮೇತ, ದಾಖಲೆಯಲ್ಲಿ, ಈ ನಿಯಮ ಬೇಕು ಅಂತ ಮತ ಹಾಕಬೇಕಾಯಿತು. ಆಮೇಲೆ ಹಿಂದೆ ಸರಿದಾಗ ಆ ಪುಟ ತೆಗೆದು ತೋರಿಸಬಹುದು. ನಮ್ಮ ಸದನಗಳಲ್ಲಿ 2023ರ ಜೂನ್ 1ರ ಬಗ್ಗೆ ಯಾರಾದರೂ ಹೀಗೆ ಹೆಸರು ಹಿಡಿದು ಮತ ಕೇಳಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅನಿಸುತ್ತದೆ.

ಕೊನೆಗೆ ಅವರ ಫೈಲು ತೆರೆದೆ. ಮಾರ್ಚ್‌ಗೆ ಅಂತ ಹದಿನಾಲ್ಕು ಸ್ಕೂಟರ್‌ಗೆ ಆರ್ಡರ್ ಹಾಕಿದ್ದರು. "ಪಿಎಂ ಇ-ಡ್ರೈವ್ 2028ರ ಮಾರ್ಚ್‌ತನಕ ಮುಂದೂಡ್ಯಾರಲ್ಲ ಸರ್" ಅಂದರು. ಹೌದು, ಎಲೆಕ್ಟ್ರಿಕ್ ಗಾಡಿಗೆ ಕೇಂದ್ರ ಕೊಡುವ ಆ ಸಬ್ಸಿಡಿ ಯೋಜನೆ 2025ರ ಆಗಸ್ಟ್‌ನಲ್ಲಿ ವಿಸ್ತರಣೆ ಆಯಿತು. ಅದೇ ಅಧಿಸೂಚನೆಯನ್ನು ಅವರ ಮುಂದೆ ಹಿಡಿದು ಕೆಳಗಿನ ಸಾಲಿಗೆ ಬೆರಳಿಟ್ಟೆ: ಎರಡು ಚಕ್ರ, ಮೂರು ಚಕ್ರದ ಗಾಡಿಗೆ ಗಡುವು 2026ರ ಮಾರ್ಚ್ 31. ಆಗ ಗಾಡಿಗೆ ಹೆಚ್ಚೆಂದರೆ 5,000 ಸಬ್ಸಿಡಿ ಇತ್ತು, ಹದಿನಾಲ್ಕಕ್ಕೆ 70,000. ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಇನ್ನೊಮ್ಮೆ ಓದಿದರು. ಆಮೇಲೆ ಫೋನ್ ಎತ್ತಿಕೊಂಡು ಹೊರಗೆ ಹೋದರು. ಬಾಗಿಲ ಆಚೆ ಅವರ ದನಿ ಕೇಳುತ್ತಿತ್ತು: "ಆರು ಸಾಕು. ಆರೇ ಕಳಿಸ್ರಿ."