ಗೆದ್ದಿದ್ದು 1963ರಲ್ಲಿ, ಟ್ರೋಫಿ ಬಂದಿದ್ದು 2021ರಲ್ಲಿ

2021ರ ಆಗಸ್ಟ್ 28ರಂದು ಫ್ಲಾರಿಡಾದ ಡೇಟೋನಾ ಟ್ರ್ಯಾಕಿನಲ್ಲಿ ಅಮೆರಿಕದಲ್ಲಿ ಕಾರ್ ರೇಸ್ ನಡೆಸುವ ನಾಸ್ಕಾರ್ ಸಂಸ್ಥೆ, ರೇಸ್ ಚಾಲಕ ವೆಂಡೆಲ್ ಸ್ಕಾಟ್ ಅವರ ಕುಟುಂಬದ ಕೈಗೆ ಒಂದು ಟ್ರೋಫಿ ಕೊಟ್ಟಿತು. ಅದು 1963ರಲ್ಲಿ ಸ್ಕಾಟ್ ಗೆದ್ದ ರೇಸಿಗಾಗಿ. ಅವರು ತೀರಿಕೊಂಡು ಆಗಲೇ 30 ವರ್ಷ ದಾಟಿತ್ತು. ಬದುಕಿದ್ದರೆ ಮಾರನೇ ದಿನ ಅವರಿಗೆ ನೂರು ತುಂಬುತ್ತಿತ್ತು.

ಸ್ಕಾಟ್ ವರ್ಜೀನಿಯಾದ ಡ್ಯಾನ್‌ವಿಲ್ ಊರಿನ ಕಪ್ಪು ವರ್ಣೀಯ. ಟ್ಯಾಕ್ಸಿ ಓಡಿಸಿದ್ದರು, ಎರಡನೇ ಮಹಾಯುದ್ಧದಲ್ಲಿ ಸೇನೆಯ ಮೆಕ್ಯಾನಿಕ್ ಆಗಿದ್ದರು, ಆಮೇಲೆ ಊರಲ್ಲಿ ಗ್ಯಾರೇಜ್ ಇಟ್ಟರು. ಜೊತೆಗೆ ಕಳ್ಳಭಟ್ಟಿ ಸಾಗಿಸುತ್ತಿದ್ದರು. ಇದರಲ್ಲಿ ಅಚ್ಚರಿಯೇನಿಲ್ಲ, ನಾಸ್ಕಾರ್ ನಡೆಸುವ ಸ್ಟಾಕ್ ಕಾರ್ ರೇಸಿನ, ಅಂದರೆ ಮಾಮೂಲಿ ಕಾರಿನಂತೆ ಕಾಣುವ ಕಾರುಗಳ ರೇಸಿನ, ಒಂದು ಬೇರು ಇರುವುದೇ ಅಲ್ಲಿ. ನೋಡಲು ಮಾಮೂಲಿ ಕಾರು, ಬಾನೆಟ್ ಕೆಳಗೆ ಪೊಲೀಸರ ಕೈಗೆ ಸಿಗದ ಎಂಜಿನ್.

1952ರಲ್ಲಿ ಡ್ಯಾನ್‌ವಿಲ್‌ನ ರೇಸ್ ಆಯೋಜಕರಿಗೆ ಒಂದು ಉಪಾಯ ಹೊಳೆಯಿತು. ಕಪ್ಪು ಚಾಲಕನೊಬ್ಬನನ್ನು ಇಳಿಸಿದರೆ ಟಿಕೆಟ್ ಜಾಸ್ತಿ ಹೋಗುತ್ತೆ ಅಂತ. ಜೋರಾಗಿ ಓಡಿಸುವವನು ಯಾರಿದ್ದಾನೆ ಎಂದು ಅವರು ಕೇಳಿದ್ದು ಪೊಲೀಸರನ್ನ! ಬೆನ್ನಟ್ಟಿ ಸಾಕಾಗಿದ್ದ ಪೊಲೀಸರು ಸ್ಕಾಟ್ ಹೆಸರು ಹೇಳಿದರು.

ಹೀಗೆ ಶುರುವಾದವರು 1961ರಲ್ಲಿ ನಾಸ್ಕಾರ್‌ನ ದೊಡ್ಡ ಸರಣಿಗೆ ಬಂದರು. ದೊಡ್ಡ ಪ್ರಾಯೋಜಕರಿಲ್ಲ. ಸೆಕೆಂಡ್ ಹ್ಯಾಂಡ್ ಕಾರು, ರಿಪೇರಿಗೆ ತಾವೇ, ಸಹಾಯಕ್ಕೆ ಮಕ್ಕಳು. ಡಾರ್ಲಿಂಗ್ಟನ್ ಟ್ರ್ಯಾಕಿನವರು ವರ್ಷಗಟ್ಟಲೆ ಅವರನ್ನು ಒಳಗೇ ಬಿಡಲಿಲ್ಲ.

1963ರ ಡಿಸೆಂಬರ್ 1. ಜಾಕ್ಸನ್‌ವಿಲ್‌ನಲ್ಲಿ ಅರ್ಧ ಮೈಲಿಯ ಮಣ್ಣಿನ ಟ್ರ್ಯಾಕು, 200 ಸುತ್ತು. ಸ್ಕಾಟ್ ಕೈಯಲ್ಲಿ ಇನ್ನೊಬ್ಬ ಚಾಲಕ ನೆಡ್ ಜ್ಯಾರೆಟ್ ಅವರಿಂದ ಕೊಂಡಿದ್ದ ಷೆವರ್ಲೆ. ಕೊನೆಯ 25 ಸುತ್ತು ಬಾಕಿ ಇರುವಾಗ ರಿಚರ್ಡ್ ಪೆಟ್ಟಿಯನ್ನು ಹಿಂದೆ ಹಾಕಿದರು. ಎರಡನೇ ಸ್ಥಾನದಲ್ಲಿದ್ದ ಬಕ್ ಬೇಕರ್‌ಗಿಂತ ಎರಡು ಸುತ್ತು ಮುಂದಿದ್ದರು. ಆದರೂ ಸ್ಕಾಟ್‌ಗೆ ರೇಸ್ ಮುಗಿಯಿತು ಎಂದು ತೋರಿಸುವ ಚೌಕಳಿ ಬಾವುಟ ಬೀಸಲೇ ಇಲ್ಲ. ಗೆದ್ದವರು ಬೇಕರ್ ಎಂದು ಸಾರಿ, ಟ್ರೋಫಿ ಕೊಟ್ಟು, ಫೋಟೋ ತೆಗೆಸಿದರು. ಸ್ಕಾಟ್ ಜಗ್ಗಲಿಲ್ಲ, ಸುತ್ತುಗಳನ್ನು ಮತ್ತೆ ಎಣಿಸಿ ಅಂದರು. ಗಂಟೆಗಳ ನಂತರ, ಜನವೆಲ್ಲ ಮನೆ ಸೇರಿದ ಮೇಲೆ, ಗೆದ್ದವರು ಸ್ಕಾಟ್ ಎಂದು ಒಪ್ಪಿದರು. ಅಷ್ಟರಲ್ಲಿ ಟ್ರೋಫಿ ಬೇಕರ್ ಜೊತೆ ಹೊರಟಿತ್ತು.

ಎಣಿಕೆಯಲ್ಲಿ ತಪ್ಪಾಯಿತು ಎಂಬುದು ಆಗಿನ ಸಬೂಬು. ಗೆದ್ದವರಿಗೆ ಸುಂದರಿಯೊಬ್ಬಳು ಮುತ್ತು ಕೊಡುವ ಪದ್ಧತಿ ಇತ್ತು. ಬಿಳಿ ಹುಡುಗಿ ಕಪ್ಪು ಗಂಡಸಿಗೆ ಮುತ್ತು ಕೊಡುವುದನ್ನು ತಪ್ಪಿಸಲೆಂದೇ ಹೀಗೆ ಮಾಡಿದರು ಅಂತ ಸ್ಕಾಟ್ ನಂಬಿದ್ದರು. ಕೈಯಲ್ಲಿ ಎಣಿಸುವಾಗ ತಪ್ಪಾಗಬಹುದು, ಒಪ್ಪೋಣ. ಆದರೆ ಒಂದು ಕಾರಿನ ಎರಡು ಸುತ್ತು ಕಾಣದೇ ಹೋಗುತ್ತಾ? ಸರಿ, ಹೋಯಿತು ಅಂತಲೇ ಇಟ್ಟುಕೊಳ್ಳಿ. ತಪ್ಪು ಗೊತ್ತಾದ ಮೇಲೆ ಸರಿಯಾದ ಟ್ರೋಫಿ ಕೊಡಲು ಏನಡ್ಡಿ ಇತ್ತು? ಸ್ವಲ್ಪ ದಿನ ಬಿಟ್ಟು ಸವಾನಾದಲ್ಲಿ ಅವರಿಗೆ ಸಿಕ್ಕಿದ್ದು ಹೆಸರೂ ಕೆತ್ತದ ಒಂದು ಮರದ ತುಂಡು.

ಆಮೇಲೂ ಅವರು ಓಡಿಸುತ್ತಲೇ ಇದ್ದರು. 1973ರಲ್ಲಿ ಟಲ್ಲಡೇಗಾ ಟ್ರ್ಯಾಕಿನಲ್ಲಾದ ಅಪಘಾತ ಹೆಚ್ಚುಕಡಿಮೆ ಎಲ್ಲ ಮುಗಿಸಿತು. ಒಟ್ಟು 495 ರೇಸ್, 147 ಸಲ ಮೊದಲ ಹತ್ತರೊಳಗೆ, ಗೆಲುವು ಅದೊಂದೇ. 1990ರಲ್ಲಿ ತೀರಿಕೊಂಡರು. ಕುಟುಂಬ ಮಾತ್ರ ಕೇಳುವುದನ್ನು ಬಿಡಲಿಲ್ಲ. 2010ರಲ್ಲಿ ಜಾಕ್ಸನ್‌ವಿಲ್‌ನವರು ಟ್ರೋಫಿಯ ಒಂದು ಪ್ರತಿಕೃತಿ ಕೊಟ್ಟರು. 2015ರಲ್ಲಿ ದಿಗ್ಗಜರ ಗೌರವ ಪಟ್ಟಿಯಾದ ನಾಸ್ಕಾರ್ ಹಾಲ್ ಆಫ್ ಫೇಮ್‌ಗೆ ಹೆಸರು ಸೇರಿತು. ನಾಸ್ಕಾರ್‌ನಿಂದ ಟ್ರೋಫಿ ಬರಲು ಇನ್ನೂ ಆರು ವರ್ಷ ಬೇಕಾಯಿತು.

ಅದು ಬಂದು ಐದೇ ವಾರಕ್ಕೆ, 2021ರ ಅಕ್ಟೋಬರ್ 4ರಂದು, ಬಬ್ಬಾ ವಾಲೇಸ್ ಅದೇ ಟಲ್ಲಡೇಗಾದಲ್ಲಿ ಗೆದ್ದರು. ಸ್ಕಾಟ್ ನಂತರ ಈ ಸರಣಿಯಲ್ಲಿ ಗೆದ್ದ ಮೊದಲ ಕಪ್ಪು ಚಾಲಕ ಅವರು. ಮಳೆ ಬಂದು ರೇಸ್ ನಿಂತಿದ್ದರಿಂದ ಗೆಲುವು ಘೋಷಣೆಯಾಗಲು ಅವರೂ ಕಾಯಬೇಕಾಯಿತು. ಟ್ರೋಫಿ ಅವತ್ತೇ ಕೈಗೆ ಬಂತು.